ಹಿಮದ ಗಾಡಿಗೆ ಕೆಸರಿನ ಬುದ್ಧಿ

ಕೆಂಟನ್, ಲಂಡನ್
೧೧ ನವೆಂಬರ್ ೨೦೦೧

ಸುಜಾತಾ,

ನಿನ್ನ ಕಾಗದ ಮಂಗಳವಾರ ಕೈಸೇರಿತು. ನಿನ್ನ ಅತ್ತೆಗೆ ಕೊಡುವ ಮೊದಲೇ ಅದನ್ನು ಅಂಗಡಿಗೆ ಕೊಂಡುಹೋಗಿ ಜಾರ್ಜನಿಗೆ ಮೂರು ಸಲ ಓದಿ ಹೇಳಿದೆ. ಮೊಪೆಡ್ಡಿನ ಟಯರು ಕಳಚುತ್ತಿದ್ದವನು ತಲೆ ಎತ್ತದೆಯೇ, "ಕೆನಡಾದವರಿಗೆ ಹಿಮದ ಗಾಡಿ ರಿಪೇರಿಗೆ ಕೆಂಟನ್ನಿನ ಜನ ಬೇಕಾಯ್ತಾ ಮಾರಾಯ?" ಅಂದ. ಹೊಟ್ಟೆಕಿಚ್ಚು. ಒಂದೇ ಊರಿನವರು, ಇಪ್ಪತ್ತು ವರ್ಷದಿಂದ ಇಬ್ಬರೂ ಒಂದೇ ರಿಪೇರಿ ಅಂಗಡಿಯಲ್ಲಿದ್ದೇವೆ, ಒಂದು ದಿನ ಬಾಯಿತುಂಬ ಹೊಗಳಿದವನಲ್ಲ.

ನೀನು ಬರೆದದ್ದು ನನಗೆ ಸರಿಯಾಗಿ ಅರ್ಥವಾಯಿತೋ ನೋಡು. ಆಸ್ಪತ್ರೆಯ ನರ್ಸ್ ಕೆಲಸ ಸಾಲದೆಂದು ಆ ಊರಿನ ಪರ್ವತ ರಕ್ಷಣಾ ದಳಕ್ಕೂ ಸೇರಬೇಕು ಅಂತಿದ್ದೀಯ. ಮಾರ್ಚ್ ಒಂಬತ್ತಕ್ಕೆ ಪರೀಕ್ಷೆ. ಸ್ನೋಮೊಬೈಲಿನಲ್ಲಿ ಸೊಂಟದುದ್ದ ಹಿಮದ ಗುಡ್ಡ ಹತ್ತಬೇಕು, ಗುಡ್ಡದ ಮೈಗೆ ಅಡ್ಡಲಾಗಿ ಸಾಗಬೇಕು, ಕಡೆಗೆ ಹಿಂದೆ ಕಟ್ಟಿದ ಜಾರುಬಂಡಿಯಲ್ಲಿ ರೋಗಿಯನ್ನು ಮಲಗಿಸಿಕೊಂಡು ಇಳಿಯಬೇಕು. ಹೋದ ಚಳಿಗಾಲ ಬೆಟ್ಟದಿಂದ ನಿನ್ನ ವಾರ್ಡಿಗೆ ತಡವಾಗಿ ಬಂದು ತಲುಪಿದವರ ವಿಷಯವನ್ನೂ ಬರೆದಿದ್ದೀಯ. ಆ ಪುಟವನ್ನು ಜಾರ್ಜನಿಗೆ ಓದಲಿಲ್ಲ.

ಈಗ ನೀನು ಕೊಂಡ ಸೆಕೆಂಡ್‌ಹ್ಯಾಂಡ್ ಗಾಡಿ ಹತ್ತಲು ಒಲ್ಲೆನ್ನುತ್ತದೆ. ಎಂಜಿನ್ನು ನರಳುತ್ತದೆ, ಬೆಲ್ಟಿನಿಂದ ಕರಕಲು ವಾಸನೆ ಬರುತ್ತದೆ, ಮೂತಿ ಹಿಮದೊಳಗೆ ಹೂತುಹೋಗುತ್ತದೆ. "ಸ್ಕಾಟ್‌ಲೆಂಡಿನಲ್ಲಿ ಎರಡು ಚಳಿಗಾಲ ಅಂಚೆ ಹೊತ್ತು ಹಿಮದ ಗಾಡಿ ಓಡಿಸಿದವರು ನೀವು, ನಿಮ್ಮನ್ನು ಬಿಟ್ಟು ಯಾರನ್ನು ಕೇಳಲಿ ಮಾವ" ಅಂತ ಕೇಳಿದ್ದೀಯ. ಸರಿಯಾದ ಬಾಗಿಲನ್ನೇ ತಟ್ಟಿದೆ. ನರ್ಸಿಂಗ್ ಓದುವಾಗ ನಾಲ್ಕು ವರ್ಷ ಈ ಸೋದರಮಾವನ ಅಡುಗೆಮನೆಯಲ್ಲಿ ಗಂಜಿ ಉಣ್ಣುತ್ತಾ ನೀನು ಕೇಳಿದ ಕತೆಗಳು ವ್ಯರ್ಥವಾಗಲಿಲ್ಲ.

ಮೊದಲು ಎಂಜಿನ್ನಿನ ಬಲ ಟ್ರ್ಯಾಕಿಗೆ, ಅಂದರೆ ಚಕ್ರದ ಬದಲು ಗಾಡಿಯಡಿ ಸುತ್ತುವ ಆ ರಬ್ಬರು ಪಟ್ಟೆಗೆ, ಹೋಗುವ ದಾರಿ. ನಾವು ದಿನಾ ಬಿಚ್ಚುವ ಪಿಜ್ಜಾ ಮೊಪೆಡ್ಡಿನ ಹೊಟ್ಟೆಯಲ್ಲಿರುವುದೇ ಅದರೊಳಗೂ ಇರುವುದು: ಎರಡು ಪುಲ್ಲಿ, ನಡುವೆ ಒಂದು ಬೆಲ್ಟು. ಎಂಜಿನ್ನು ಜೋರಾಗಿ ತಿರುಗಿದಂತೆ ಮುಂದಿನ ಪುಲ್ಲಿಯೊಳಗಿನ ಪುಟ್ಟ ತೂಕಗಳು ಹೊರಕ್ಕೆ ಚಿಮ್ಮಿ ಪುಲ್ಲಿಯನ್ನು ಅದುಮುತ್ತವೆ, ಬೆಲ್ಟು ಮೇಲೇರುತ್ತದೆ, ಗೇರು ತಾನಾಗಿಯೇ ಬದಲಾಗುತ್ತದೆ. ನಿಮ್ಮ ಬೆಟ್ಟದಲ್ಲಿ ಗಾಳಿ ತೆಳು, ಎಂಜಿನ್ನಿಗೆ ಅರೆಹೊಟ್ಟೆ. ಅರೆಹೊಟ್ಟೆಯವನ ತಲೆಯ ಮೇಲೆ ಪೂರ್ತಿ ಮೂಟೆ ಹೊರಿಸಿದರೆ ಅವನು ನರಳದೆ ಏನು ಮಾಡುತ್ತಾನೆ? ಆ ತೂಕಗಳನ್ನು ತೆಗೆದು ಹಗುರವಾದವನ್ನು ಹಾಕು. ಕೆಳಗಿನ ಚೈನನ್ನು ತಿರುಗಿಸುವ ಮೇಲಿನ ಹಲ್ಲುಗಾಲಿ ತೆಗೆದು ಎರಡು ಹಲ್ಲು ಕಮ್ಮಿ ಇರುವುದನ್ನು ಹಾಕಿಸು. ಓಟ ಕಮ್ಮಿಯಾಗುತ್ತದೆ, ಎಳೆತ ಹೆಚ್ಚುತ್ತದೆ. ಬೆಟ್ಟಕ್ಕೆ ಬೇಕಾದದ್ದು ಎಳೆತ.

ಇನ್ನು ಮೂತಿ. ಕೆಸರುಗದ್ದೆಯಲ್ಲಿ ಕೋಣಗಳ ಹಿಂದೆ ಹಲಗೆ ಕಟ್ಟಿ, ಅದರ ಮೇಲೆ ನಿಂತು ನೆಲ ಮಟ್ಟ ಮಾಡಿದವನು ನಾನು. ಹಲಗೆಯ ಮೂತಿ ಮುಳುಗಿದರೆ ಕೆಲಸ ಕೆಟ್ಟಿತು. ಹಿಂದಕ್ಕೆ ವಾಲಬೇಕು, ಮೂತಿ ಎತ್ತಬೇಕು. ಹಿಮವೆಂದರೇನು, ಬೆಳ್ಳಗಿನ ಕೆಸರು! ಟ್ರ್ಯಾಕಿನೊಳಗಿನ ಚೌಕಟ್ಟಿನ ಮುಂಭಾಗವನ್ನು ಹಿಡಿದಿಡುವ ಒಂದು ಪಟ್ಟಿ ಇದೆಯೆಂದು ಬರೆದಿದ್ದೀಯಲ್ಲ, ಅದನ್ನು ಪೂರ್ತಿ ಸಡಿಲ ಬಿಡು. ಹಿಂದಿನ ಸ್ಪ್ರಿಂಗು ಮೆತ್ತಗೆ ಮಾಡು. ಗಾಡಿ ಅಂಡೂರಿ ಕೂರುತ್ತದೆ, ಮೂತಿ ತಾನಾಗಿ ಏಳುತ್ತದೆ. ಸ್ಕಾಟ್‌ಲೆಂಡಿನಲ್ಲಿ ನಾವು ಮಾಡುತ್ತಿದ್ದುದೇ ಹಾಗೆ.

ಫೋನ್ ಮಾಡಬೇಡ. ಯಂತ್ರದ ವಿಷಯ ಕಾಗದದಲ್ಲೇ ಚೆಂದ. ಏಳನೇ ಕ್ಲಾಸಿನಲ್ಲಿ ಕೈಬರಹಕ್ಕೆ ಬಹುಮಾನ ಬಂದದ್ದು ಸುಮ್ಮನೆ ಅಲ್ಲ.

ನಿನ್ನ ಮಾವ, ನೆಲ ಜಲ ಹಿಮ ಮೂರರಲ್ಲೂ ಗಾಡಿ ಬಿಟ್ಟವನು,
ರಘುರಾಮ


ಹಾಲೋ ಕ್ರೀಕ್, ಬ್ರಿಟಿಷ್ ಕೊಲಂಬಿಯಾ
೯ ಡಿಸೆಂಬರ್ ೨೦೦೧

ಮಾವ,

ತೂಕ ಬದಲಾಯಿಸಿದೆ, ಚೈನಿನ ಗಾಲಿಯನ್ನೂ ಬದಲಾಯಿಸಿದೆ. ಎಂಜಿನ್ನು ಈಗ ನರಳುವುದಿಲ್ಲ, ಹಾಡುತ್ತದೆ. ಬೆಲ್ಟು ಮುಟ್ಟಿದರೆ ಬೆಚ್ಚಗಿರುತ್ತದೆ ಅಷ್ಟೆ. ಇಷ್ಟು ದಿನ ಅರ್ಧದಲ್ಲೇ ಸುಸ್ತಾಗುತ್ತಿದ್ದ ಗುಡ್ಡದಲ್ಲಿ ನಿನ್ನೆ ಒಂಟಿ ಪೈನ್ ಮರದವರೆಗೂ ಹೋದೆ.

ಪೈನ್ ಮರದ ಹತ್ತಿರ ಮೂತಿ ಎದ್ದಿತು. ನೀವು ಹೇಳಿದ ಹಾಗೆಯೇ. ಆದರೆ ಎದ್ದದ್ದು ನಿಲ್ಲಲೇ ಇಲ್ಲ. ಮೂತಿಯ ಕೆಳಗಿನ ಎರಡೂ ಸ್ಕೀ ಹಲಗೆಗಳು ಆಕಾಶ ನೋಡಿದವು. ಹ್ಯಾಂಡಲ್ ತಿರುಗಿಸಿದರೆ ಗಾಳಿಯಲ್ಲಿ ತಿರುಗುತ್ತದೆ, ಗಾಡಿಗೆ ಗೊತ್ತೇ ಆಗುವುದಿಲ್ಲ. ಹಿಂದಿನ ಟ್ರ್ಯಾಕು ತನ್ನ ಗುಂಡಿಯನ್ನು ತಾನೇ ತೋಡಿಕೊಂಡು ಅದರಲ್ಲಿ ಕುಳಿತುಬಿಟ್ಟಿತು. ನಾನು ಹಿಂದಕ್ಕೆ ಬಿದ್ದು ಕುತ್ತಿಗೆಯವರೆಗೂ ಹಿಮದಲ್ಲಿದ್ದೆ.

ದಳದ ಟ್ರೇನರ್ ಇಜಾಬೆಲ್ ಬಂದು ನನ್ನನ್ನು ಮೂಲಂಗಿ ಕಿತ್ತ ಹಾಗೆ ಕಿತ್ತಳು. ಅರವತ್ತೆರಡು ವಯಸ್ಸು, ಮಾತು ಕಮ್ಮಿ. "ಈ ಗಾಡಿಯನ್ನು ಹೀಗೆ ಹೊಂದಿಸಿದವರು ಯಾರು?" ಎಂದಳು. ಲಂಡನ್ನಿನ ನನ್ನ ಮಾವ, ಸ್ಕಾಟ್‌ಲೆಂಡಿನಲ್ಲಿ ಎರಡು ಚಳಿಗಾಲ ಓಡಿಸಿದವರು ಎಂದೆ. ಅವಳಿಗೆ ಕುತೂಹಲ. ಯಾವ ಗಾಡಿ, ಯಾವ ಬೆಟ್ಟ, ಯಾವ ವರ್ಷ ಎಂದು ಕೇಳಿ ಬರೆಯಲು ಹೇಳಿದ್ದಾಳೆ.

ಇನ್ನೊಂದು ಕಷ್ಟ. ಗುಡ್ಡಕ್ಕೆ ಅಡ್ಡಲಾಗಿ ಹೋಗುವಾಗ ಗಾಡಿ ಕೆಳಗಡೆಗೇ ಮಗುಚುವ ಹಾಗೆ ವಾಲುತ್ತದೆ. ಅಂಚೆ ಚೀಲ ಹೊತ್ತು ನೀವು ಹೇಗೆ ದಾಟುತ್ತಿದ್ದಿರಿ?

ಅತ್ತೆಗೆ ನಮಸ್ಕಾರ.

ಇನ್ನೂ ಕಿವಿಯೊಳಗೆ ಹಿಮ ಇರುವ,
ಸುಜಾತಾ


ಕೆಂಟನ್
೩೦ ಡಿಸೆಂಬರ್ ೨೦೦೧

ಸುಜಾತಾ,

ಕೆನಡಾದ ಹಿಮ ಹಗುರ, ಸ್ಕಾಟ್‌ಲೆಂಡಿನ ಹಿಮ ಭಾರ. ಇದನ್ನು ನೀನು ಮೊದಲೇ ಹೇಳಬೇಕಿತ್ತು. ಇಜಾಬೆಲ್ ಬಾಯಿಯವರಿಗೆ ನನ್ನ ನಮಸ್ಕಾರ ತಿಳಿಸು. ಅವರ ಪ್ರಶ್ನೆಗಳು ಬಹಳ ಚೆನ್ನಾಗಿವೆ.

ನಿನ್ನ ಕಾಗದ ಓದಿ ನಾನು ಕೈಕಟ್ಟಿ ಕೂರಲಿಲ್ಲ. ಮೊಪೆಡ್ಡಿನ ಹಿಂದಿನ ಪಿಜ್ಜಾ ಪೆಟ್ಟಿಗೆಗೆ ಇಪ್ಪತ್ತು ಕಿಲೋ ದೋಸೆ ಅಕ್ಕಿಯ ಚೀಲ ತುರುಕಿ, ಹಿಂದಿನ ಸ್ಪ್ರಿಂಗು ಮೆತ್ತಗೆ ಮಾಡಿ, ಪಕ್ಕದ ಹ್ಯಾರೋ ಬೆಟ್ಟಕ್ಕೆ ಹೊರಟೆ. ಬೆಟ್ಟವೆಂದರೆ ಬೆಟ್ಟವೇ, ಬಸ್ಸು ಹತ್ತುತ್ತದೆ ಎಂಬ ಕಾರಣಕ್ಕೆ ಅದನ್ನು ಕಡೆಗಣಿಸಬೇಡ. ಚರ್ಚಿನ ತಿರುವಿನಲ್ಲಿ ಆಕ್ಸಲರೇಟರ್ ತಿರುಗಿಸಿದೆ. ಮುಂದಿನ ಚಕ್ರ ಎದ್ದಿತು. ಚೀಲ ಹಿಂದಕ್ಕೆ, ನಾನು ಚೀಲದ ಮೇಲೆ, ದೋಸೆ ಅಕ್ಕಿ ರಸ್ತೆಯ ಇಳಿಜಾರಿನ ಉದ್ದಕ್ಕೂ. ಒಬ್ಬ ಪೊಲೀಸು ಬಂದು ಬಹಳ ಮರ್ಯಾದೆಯಿಂದ ಏನು ಮಾಡುತ್ತಿದ್ದೀರಿ ಎಂದು ಕೇಳಿದ. "ಕೆನಡಾದ ಪರ್ವತ ರಕ್ಷಣಾ ದಳದ ಪ್ರಯೋಗ" ಅಂದೆ. ಅವನು ಅದನ್ನು ನಿಧಾನವಾಗಿ ಬರೆದುಕೊಂಡ. ಪಾರಿವಾಳಗಳಿಗೆ ಹಬ್ಬ. ನಿನ್ನ ಅತ್ತೆ ಕೇಳಿದ್ದು ಒಂದೇ ಮಾತು: "ನಿಮ್ಗೆ ಎಂತ ಮರ್ಲಾ?"

ಆದ್ದರಿಂದ ಆ ಪಟ್ಟಿಯನ್ನು ಎರಡು ತೂತು ಬಿಗಿ ಮಾಡು. ಹಿಂದಿನ ಸ್ಪ್ರಿಂಗನ್ನೂ ಗಟ್ಟಿ ಮಾಡು. ಸ್ಕೀಗಳು ಹಿಮ ಬಿಟ್ಟು ಮೇಲೇಳುವುದಿಲ್ಲ.

ಅಡ್ಡ ಹೋಗುವ ಪ್ರಶ್ನೆಗೆ ಉತ್ತರ ಇನ್ನೂ ಸುಲಭ. ಅಗಲ ಬಂಡಿ ಮಗುಚುವುದಿಲ್ಲ. ನಮ್ಮೂರಲ್ಲಿ ಹುಲ್ಲಿನ ಬಂಡಿಗೆ ಇದ್ದ ಅಗಲ ನೆನಪಿಲ್ಲವೇ? ಎರಡು ಸ್ಕೀಗಳನ್ನೂ ಎಷ್ಟು ಸಾಧ್ಯವೋ ಅಷ್ಟು ಹೊರಕ್ಕೆ ಹಾಕಿಸು. ಅವೆರಡನ್ನೂ ಜೋಡಿಸುವ ಅಡ್ಡಕಂಬಿ ಇರುತ್ತದೆ, ಗಾಡಿ ಒಂದು ಕಡೆ ವಾಲದ ಹಾಗೆ ತಡೆಯುವುದು. ಅದನ್ನು ತೆಗೆದು ಇನ್ನೂ ದಪ್ಪದ್ದು ಹಾಕು. ಗಾಡಿ ಮಣೆಯ ಹಾಗೆ ಕೂತಿರುತ್ತದೆ.

ಅಂಚೆ ಹೊತ್ತವನ ಮಾತು, ನಂಬಿ ನಡೆ.

ರಘುರಾಮ


ಕೆಂಟನ್
೧೨ ಜನವರಿ ೨೦೦೨

ಸುಜಾತಾ,

ಈ ಕಾಗದ ಕೈಗೆ ಬಂದ ಕೂಡಲೇ ಗಾಡಿ ಹತ್ತಬೇಡ. ಕೆಳಗಿನದನ್ನು ಓದು.

ನಿನ್ನೆ ಜಾರ್ಜ್ ಹ್ಯಾರೋ ಲೈಬ್ರರಿಯ ಕಂಪ್ಯೂಟರಿನಿಂದ ಹನ್ನೊಂದು ಹಾಳೆ ಪ್ರಿಂಟು ತೆಗೆದು ತಂದ. ಪರ್ವತದ ಸ್ನೋಮೊಬೈಲ್ ಹೇಗಿರಬೇಕೆಂದು ಅಲ್ಲಿನವರೇ ಬರೆದದ್ದು. ನನ್ನನ್ನು ಹಂಗಿಸಲಿಕ್ಕೆ ತಂದವನು ಅರ್ಧ ಓದಿ ನಗು ನಿಲ್ಲಿಸಿದ. "ರಘು, ನೀನು ಆ ಕಂಬಿ ದಪ್ಪ ಮಾಡು ಅಂದ್ಯಲ್ಲ, ಇವ್ರು ತೆಗ್ದು ಬಿಸಾಡಿ ಅಂತಾರೆ" ಅಂದ.

ವಿಷಯ ಹೀಗಿದೆ. ಗುಡ್ಡಕ್ಕೆ ಅಡ್ಡಲಾಗಿ ಹೋಗುವಾಗ ಗಾಡಿ ಇಳಿಜಾರಿಗೆ ಅಂಟಿ ಮಲಗಬಾರದು. ಸವಾರ ತಾನೇ ಅದನ್ನು ಮೇಲುಗಡೆಗೆ, ಗುಡ್ಡದ ಕಡೆಗೆ ಎಳೆದು ವಾಲಿಸಬೇಕು. ಆಗ ಟ್ರ್ಯಾಕಿನ ಒಂದು ಅಂಚು ಹಿಮವನ್ನು ಕಚ್ಚಿ ಮೆಟ್ಟಿಲು ಕಡಿದುಕೊಂಡು ಹೋಗುತ್ತದೆ. ಹಾಗೆ ವಾಲಬೇಕಾದರೆ ಸ್ಕೀಗಳು ಹತ್ತಿರ ಹತ್ತಿರ ಇರಬೇಕು, ಕಂಬಿ ಇರಲೇಬಾರದು. ಅಗಲ ಮಾಡಿ ಕಂಬಿ ಬಿಗಿದರೆ ಗಾಡಿ ನಿನ್ನ ಮಾತು ಕೇಳುವುದಿಲ್ಲ, ಗುಡ್ಡದ ಮಾತು ಕೇಳುತ್ತದೆ. ಗುಡ್ಡ ಹೇಳುವುದು ಕೆಳಗೆ ಬಾ ಅಂತ.

ನಿನ್ನೆಯೇ ಫೋನ್ ಮಾಡಿದೆ, ನಾಲ್ಕು ಸಲ. ನೀನು ಡ್ಯೂಟಿಯಲ್ಲಿದ್ದಿರಬೇಕು, ಸಂದೇಶದ ಯಂತ್ರ ಎತ್ತಿಕೊಂಡಿತು. ಮೊದಲ ಸಲ ಕ್ಷೇಮ ಸಮಾಚಾರ ಕೇಳುವಷ್ಟರಲ್ಲಿ ಪೀಂ ಎಂದು ಕಡಿಯಿತು. ಎರಡನೇ ಸಲ ಹ್ಯಾರೋ ಬೆಟ್ಟದ ಪೀಠಿಕೆ ಹಾಕುವಾಗ ಕಡಿಯಿತು. ಮೂರನೇ ಸಲ ವಿಷಯಕ್ಕೇ ಬಂದೆ ಅನಿಸುತ್ತದೆ, ಎಲ್ಲಿಗೆ ಕಡಿಯಿತೋ ತಿಳಿಯದು. ನಾಲ್ಕನೇ ಸಲಕ್ಕೆ ನಿನ್ನ ಯಂತ್ರ ತುಂಬಿದೆ ಎಂದಿತು.

"ಸರಿಯಾದ್ದನ್ನು ಬರೆದು ಹಾಕ್ತೇನೆ, ಸ್ಕಾಟ್‌ಲೆಂಡಿನಲ್ಲಿ ಹೀಗೂ ಮಾಡ್ತಿದ್ವಿ ಅಂತ ಹೇಳ್ತೇನೆ" ಅಂದೆ. ಜಾರ್ಜ್ ಸ್ಪ್ಯಾನರ್ ಕೆಳಗಿಟ್ಟ. "ಆ ಹುಡುಗಿಯನ್ನು ಇನ್ನೊಂದು ಸುಳ್ಳಿನ ಮೇಲೆ ಕೂರಿಸ್ತಿಯಾ?" ಎಂದು ಕೇಳಿದ.

ಹಾಗಾಗಿ ಬರೆಯುತ್ತಿದ್ದೇನೆ. ನಾನು ಹಿಮದ ಗಾಡಿ ಓಡಿಸಿಲ್ಲ. ಸ್ಕಾಟ್‌ಲೆಂಡಿನಲ್ಲಿ ಎರಡು ಚಳಿಗಾಲ ಇದ್ದದ್ದು ನಿಜ, ಒಂದು ಹೋಟೆಲಿನ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಾ. ಕಿಟಕಿಯ ಆಚೆ ಅಂತಹ ಒಂದು ಗಾಡಿ ನಿಂತಿರುತ್ತಿತ್ತು. ಒಂದು ಭಾನುವಾರ ಸೀಟಿನ ಮೇಲಿನ ಹಿಮ ಒರೆಸಿ ಕೂತೆ. ಕೀಲಿ ಇರಲಿಲ್ಲ. ಬಾಯಲ್ಲೇ ಬುರ್ರ್ ಎಂದೆ. ಅಷ್ಟೇ ನನ್ನ ಸವಾರಿ.

ಕಂಬಿ ತೆಗೆ. ಸ್ಕೀ ಒಳಕ್ಕೆ ತಾ. ಜಾರ್ಜನ ಹನ್ನೊಂದು ಹಾಳೆಗಳನ್ನೂ ಇದರೊಂದಿಗೆ ಇಟ್ಟಿದ್ದೇನೆ. ನನ್ನ ಮಾತು ಬೇಡ, ಅವನ್ನು ಓದು.

ರಘುರಾಮ


ಹಾಲೋ ಕ್ರೀಕ್
೨೨ ಜನವರಿ ೨೦೦೨

ಮಾವ,

ನಿಮ್ಮ ಕಾಗದವನ್ನು ನಾನು ಕೆಲಸ ಮಾಡುವ ವಾರ್ಡಿನಲ್ಲೇ ಓದಿದೆ, ಹಾಸಿಗೆಯ ಮೇಲೆ ಮಲಗಿಕೊಂಡು.

ಮೂರನೇ ಸಂದೇಶದಲ್ಲಿ ನೀವು ಹೇಳಿದ್ದು ಇಷ್ಟು: "ಆ ಅಡ್ಡಕಂಬಿ ಇದೆಯಲ್ಲ ಮಗಾ, ಅದನ್ನು ತಕ್ಷಣ..." ಆಮೇಲೆ ಪೀಂ. ಇಷ್ಟು ಅವಸರದಲ್ಲಿ ಹೇಳುತ್ತಿದ್ದಾರಲ್ಲ, ಸಾಕಷ್ಟು ಬಿಗಿಯಾಗಿಲ್ಲವೇನೋ ಎಂದುಕೊಂಡು ಇನ್ನೂ ಬಿಗಿ ಮಾಡಿ ಭಾನುವಾರ ಬೆಳಿಗ್ಗೆ ಗುಡ್ಡಕ್ಕೆ ಹೋದೆ.

ಎರಡು ಸಲ ಉರುಳಿದೆವು. ಮೊದಲು ನಾನು ಮೇಲೆ, ಆಮೇಲೆ ಗಾಡಿ ಮೇಲೆ. ಹಿಮ ಮೆತ್ತಗಿತ್ತು, ಬದುಕಿದೆ. ಎಡಗೈ ಮಣಿಕಟ್ಟು ಉಳುಕಿದೆ, ಮೂರು ವಾರ ಪಟ್ಟಿ. ಪರೀಕ್ಷೆಗೆ ಆರೂವರೆ ವಾರ ಇದೆ.

ನಾಲ್ಕು ವರ್ಷ ನಿಮ್ಮ ಮನೆಯಲ್ಲಿದ್ದೆ. ಹೊಸ ಊರಿನಲ್ಲಿ ಹೆದರಿಕೆಯಾದಾಗಲೆಲ್ಲ ಹಿಮದ ಬೆಟ್ಟದಲ್ಲಿ ಒಬ್ಬರೇ ಅಂಚೆ ಹೊತ್ತು ಹೋಗುವ ನಿಮ್ಮನ್ನು ನೆನೆದುಕೊಳ್ಳುತ್ತಿದ್ದೆ. ಈಗ ನೆನೆದರೆ ಆಲೂಗಡ್ಡೆ ಕಾಣುತ್ತದೆ.

ಇಜಾಬೆಲ್ ಮೊನ್ನೆ ಗಾಡಿ ಬಿಚ್ಚಿ ನೋಡಿದಳು. "ನಿನ್ನ ಪುಲ್ಲಿ ಹೊಂದಿಸಿದವನು ಕೆಲಸ ಬಲ್ಲವನು, ಅವನನ್ನು ಬಿಡಬೇಡ. ಸ್ಕೀ ಹೊಂದಿಸಿದವನು ಮೂರ್ಖ, ಅವನನ್ನು ಹತ್ತಿರ ಸೇರಿಸಬೇಡ" ಎಂದಳು. ಇಬ್ಬರೂ ಒಬ್ಬರೇ ಎಂದು ನಾನು ಹೇಳಲಿಲ್ಲ.

ಕಂಬಿ ತೆಗೆದಾಯಿತು. ಸ್ಕೀ ಒಳಕ್ಕೆ ಬಂತು. ಟ್ರ್ಯಾಕಿನೊಳಗಿನ ಪಟ್ಟಿಯನ್ನು ಅವಳೇ ಅಳೆದು ಕಟ್ಟಿದ್ದಾಳೆ.

ಇನ್ನೊಂದು ವಿಷಯ. ಪರೀಕ್ಷೆಯ ದಿನ ಜಾರುಬಂಡಿಯಲ್ಲಿ ಮಲಗುವ ರೋಗಿಯನ್ನು ಅಭ್ಯರ್ಥಿಯೇ ಕರೆತರಬೇಕು. ಎಪ್ಪತ್ತು ಕಿಲೋಗಿಂತ ಹೆಚ್ಚು ತೂಕ, ಸವಾರಳ ಮೇಲೆ ನಂಬಿಕೆ, ಇವೆರಡೇ ಅರ್ಹತೆ. ನಾನು ಉರುಳಿದ್ದನ್ನು ನೋಡಿದ ಮೇಲೆ ಈ ಊರಿನಲ್ಲಿ ಯಾರೂ ಒಪ್ಪುತ್ತಿಲ್ಲ.

ಟಿಕೆಟ್ ಮಾಡಿಸಿ ಮಾವ. ಮಾರ್ಚ್ ಆರರೊಳಗೆ ಬನ್ನಿ.

ಸುಜಾತಾ


ಕೆಂಟನ್
೩ ಫೆಬ್ರವರಿ ೨೦೦೨

ಸುಜಾತಾ,

ಬಂದೇ ಬರುತ್ತಿದ್ದೆ, ಆದರೆ ನನ್ನ ತೂಕ ಅರವತ್ತಾರು. ಬಹಳ ದುಃಖವಾಯಿತು.

ಮೇಲಿನ ಸಾಲು ಬರೆದು ಕಾಫಿಗೆ ಎದ್ದಿದ್ದೆ. ನಿನ್ನ ಅತ್ತೆ ಹಿಂದಿನಿಂದ ಓದಿ, ಬಾತ್‌ರೂಮಿನಿಂದ ತೂಕದ ಯಂತ್ರ ತಂದು ಹಾಲ್‌ನಲ್ಲಿಟ್ಟು, ಜಾರ್ಜನನ್ನೂ ಸಾಕ್ಷಿಗೆ ಕರೆದು ನಿಲ್ಲಿಸಿದಳು. ಎಂಬತ್ತೊಂದು. ಬೂಟು ಬಿಚ್ಚಿದರೂ ಎಂಬತ್ತೊಂದೇ. "ಆ ಹೆಣ್ಣಿನ ಕೈ ಉಳುಕಿಸಿದ್ದು ಯಾರು?" ಎಂದು ಕೇಳಿ ಅಡುಗೆಮನೆಗೆ ಹೋದಳು.

ಟಿಕೆಟ್ ಮಾಡಿಸಿದೆ. ಜಾರುಬಂಡಿಗೆ ಬ್ರೇಕು ಇರುತ್ತದೆಯೇ? ಹೆಲ್ಮೆಟ್ಟು ಕೊಡುತ್ತಾರೆಯೇ? ರೋಗಿ ಕಣ್ಣು ಮುಚ್ಚಿಕೊಳ್ಳಬಹುದೇ, ಅಥವಾ ಅದಕ್ಕೂ ಅಂಕ ಕಳೆಯುತ್ತಾರೆಯೇ? ಇಜಾಬೆಲ್ ಬಾಯಿಯವರಿಗೆ ನಾನು ಪುಲ್ಲಿಯವನು ಎಂದಷ್ಟೇ ಪರಿಚಯಿಸು.

ಎಂಬತ್ತೊಂದು ಕಿಲೋ,
ರಘುರಾಮ


ಕೆಂಟನ್
೧೪ ಏಪ್ರಿಲ್ ೨೦೦೨

ದಳದ ಸದಸ್ಯೆ ಸುಜಾತಾ ಅವರಿಗೆ,

ನಾನು ಕ್ಷೇಮವಾಗಿ ಬಂದು ತಿಂಗಳಾಯಿತು. ಸೊಂಟ ಈಗ ಬಗ್ಗುತ್ತದೆ. ಮೊನ್ನೆ ಫೋನಿನಲ್ಲಿ, ಕಳೆದ ವಾರ ಮೊದಲ ಕರೆಗೆ ಹೋಗಿ ಒಬ್ಬನನ್ನು ಜೀವಂತ ಇಳಿಸಿದೆ ಎಂದೆಯಲ್ಲ, ಅದನ್ನು ಕೇಳಿದಂದಿನಿಂದ ನಿನ್ನ ಅತ್ತೆ ನನಗೆ ತುಪ್ಪ ಬಡಿಸುತ್ತಿದ್ದಾಳೆ.

ಪರೀಕ್ಷೆಯ ದಿನ ನೀನು ಮುಂದೆ ನೋಡುತ್ತಿದ್ದೆ, ಹಿಂದೆ ಏನಾಯಿತೆಂದು ನಿನಗೆ ಗೊತ್ತಿರಲಿಕ್ಕಿಲ್ಲ. ಎರಡು ಕಂಬಳಿ ಸುತ್ತಿ, ನಾಲ್ಕು ಬೆಲ್ಟು ಬಿಗಿದು, ಕೂಸನ್ನು ಕಟ್ಟಿದ ಹಾಗೆ ನೀನು ನನ್ನನ್ನು ಕಟ್ಟಿದ್ದೆ. ಅಲ್ಲಾಡಲು ಬರುತ್ತಿದ್ದುದು ನಾಲಿಗೆ ಒಂದೇ. ಅದನ್ನು ಪೂರ್ತಿ ಉಪಯೋಗಿಸಿದೆ. ಮೊದಲು ದೇವರನ್ನು ಕರೆದೆ, ಆಮೇಲೆ ಸತ್ತುಹೋದ ನನ್ನ ಅಮ್ಮನನ್ನು, ಕಡೆಗೆ ಜಾರ್ಜನನ್ನು.

ನೀನು ಜನವರಿಯಲ್ಲಿ ಉರುಳಿದ ಜಾಗ ಬಂದಾಗ ಕಣ್ಣು ಮುಚ್ಚಬೇಕೆಂದಿದ್ದೆ, ಮರೆತುಹೋಯಿತು. ನನ್ನ ಎರಡು ಪಾದಗಳ ನಡುವೆ ನಿನ್ನ ಬೆನ್ನು ಕಾಣುತ್ತಿತ್ತು. ನೀನು ಎದ್ದು ನಿಂತೆ. ಎರಡೂ ಕಾಲು ಗುಡ್ಡದ ಕಡೆಯ ಕಾಲುಹಲಗೆಯ ಮೇಲೆ ಇಟ್ಟು, ಮೈಯನ್ನೆಲ್ಲ ಆಚೆ ತೂಗಿ, ಆ ಉಳುಕಿದ ಕೈಯಿಂದಲೇ ಹ್ಯಾಂಡಲ್ ಎಳೆದೆ. ಗಾಡಿ ಕೇಳಿತು. ಮೊಣಕಾಲು ಸ್ವಲ್ಪ ಬಗ್ಗಿಸಿ ನೀನು ನಿಂತ ಆ ರೀತಿ ಇದೆಯಲ್ಲ, ಗದ್ದೆಯ ಮೂಲೆ ತಿರುಗುವಾಗ ನನ್ನ ಅಪ್ಪ, ನಿನ್ನ ಅಜ್ಜ, ಹಲಗೆಯ ಮೇಲೆ ಹಾಗೆಯೇ ನಿಲ್ಲುತ್ತಿದ್ದದ್ದು. ನೀನು ಅವರನ್ನು ನೋಡಿಯೇ ಇಲ್ಲ. ಆ ಒಂದು ನಿಮಿಷ ನಾನು ಕಿರುಚುವುದನ್ನು ನಿಲ್ಲಿಸಿದ್ದೆ. ಗಮನಿಸಿದೆಯೋ ಇಲ್ಲವೋ.

ಈಗ ನನ್ನ ಕಷ್ಟ ಕೇಳು. ನಿನ್ನೆ ಇಲ್ಲಿ ಕನ್ನಡ ಸಂಘದ ಯುಗಾದಿ ಊಟ, ಶಾಲೆಯ ಹಾಲ್‌ನಲ್ಲಿ ನೂರಿಪ್ಪತ್ತು ಜನ. ಬೇವುಬೆಲ್ಲ ತಿಂದ ಬಾಯಲ್ಲಿ ಇನ್ನು ನಿಜವನ್ನೇ ಹೇಳಬೇಕೆಂದು ನಿರ್ಧರಿಸಿ ಮೈಕ್ ಹಿಡಿದೆ. ಅಂಚೆ ಹೊತ್ತದ್ದು ಸುಳ್ಳು, ಆಲೂಗಡ್ಡೆ ನಿಜ ಎಂದೆ. ಹಿಮದ ಬೆಟ್ಟದಲ್ಲಿ ನನ್ನನ್ನು ಕಟ್ಟಿಹಾಕಿ ಎಳೆದರು, ಉದ್ದಕ್ಕೂ ಕಿರುಚಿದೆ ಎಂದೆ.

ಆಮೇಲೆ ಸಂಘದ ಕಾರ್ಯದರ್ಶಿ ನಾರಾಯಣಸ್ವಾಮಿ ಎದ್ದು, "ಏನ್ ಸಾರ್ ನೀವು, ಇಷ್ಟು ದೊಡ್ಡ ಮನುಷ್ಯರು, ಇಷ್ಟೊಂದು ವಿನಯ!" ಎಂದು ಕೈಮುಗಿದ. ಚಪ್ಪಾಳೆ. ಅಲ್ಲ ಮಾರಾಯರೇ, ನಿಜವಾಗಿ ಕಿರುಚಿದೆ ಎಂದರೆ ಎಲ್ಲರೂ ನಗುತ್ತಾರೆ. "ರಘು ಅಣ್ಣ ಕಿರುಚೂದಾ? ಎರಡು ಚಳಿಗಾಲ ಅಂಚೆ ಹೊತ್ತವ್ರು!" ಅಂತಾರೆ. ನೀನು ಕೊಟ್ಟ ಫೋಟೋ ತೋರಿಸಿದೆ. ಅದರಲ್ಲಿ ಕಂಬಳಿಯ ನಡುವೆ ಕಾಣುವುದು ಮೂಗು ಮಾತ್ರ. ಅದು ಯಾರ ಮೂಗೂ ಆಗಬಹುದು ಎಂದರು. ಜಾರ್ಜನನ್ನು ಸಾಕ್ಷಿ ಹೇಳು ಎಂದರೆ, "ನಾನು ಅಲ್ಲಿ ಇರ್ಲಿಲ್ಲ ಮಾರಾಯ" ಎಂದು ಹೋಳಿಗೆ ಮುರಿಯುತ್ತಾ ಕೂತ.

ಆದ್ದರಿಂದ ಒಂದು ಉಪಕಾರ ಮಾಡು. ರಕ್ಷಣಾ ದಳದ ಹೆಸರಿರುವ ಕಾಗದದ ಮೇಲೆ, ಇಜಾಬೆಲ್ ಬಾಯಿಯವರ ಸಹಿ ಹಾಕಿಸಿ, ಈ ರಘುರಾಮ ಎಂಬುವರು ಮಾರ್ಚ್ ಒಂಬತ್ತರಂದು ನಮ್ಮ ಜಾರುಬಂಡಿಯಲ್ಲಿ ರೋಗಿಯಾಗಿ ಮಲಗಿದ್ದರು, ಮೇಲಿನಿಂದ ಕೆಳಗಿನವರೆಗೆ ಕಿರುಚಿದರು ಎಂದು ಬರೆದು ಕಳಿಸು. ಫ್ರೇಮ್ ಹಾಕಿಸಿ ಅಂಗಡಿಯಲ್ಲಿ ತೂಗುಹಾಕುತ್ತೇನೆ. ಇದ್ದದ್ದು ಇದ್ದ ಹಾಗೆ, ಎಲ್ಲವನ್ನೂ ನಿಜವೇ ಬರಿ.

ತೂಕ ಮಾತ್ರ ಎಪ್ಪತ್ತೆರಡು ಎಂದು ಹಾಕು.

ನಿನ್ನ ಮಾವ, ಪುಲ್ಲಿಯವನು,
ರಘುರಾಮ